ಬೊಲ್ಲನ ಮೊದಲ ಕಂಬಳ

ನಮ್ಮ ಕೋಣ ಬೊಲ್ಲನಿಗೆ ಯಾರೂ ಮಾಟ ಮಾಡಿಸಿರಲಿಲ್ಲ. ದೃಷ್ಟಿಯೂ ತಾಗಿರಲಿಲ್ಲ. ಮೈಕಿನ ಗದ್ದಲಕ್ಕೆ ಅವನು ಹೆದರಿದ್ದೂ ಅಲ್ಲ. ನಾವು ಕಲಿಸಿದ್ದನ್ನು ಅವನು ಸರಿಯಾಗಿ ಮಾಡಿ ತೋರಿಸಿದ. ಆ ದಿನ ನಡೆದದ್ದು ಇಷ್ಟೇ. ಉಳಿದದ್ದೆಲ್ಲ ಗಂಡಸರು ಲಾರಿಯಲ್ಲಿ ಕೂತು ಕಟ್ಟಿದ ಕತೆ.

ಇಷ್ಟು ವರ್ಷದ ಮೇಲೆ ಇದನ್ನು ಯಾಕೆ ತೆಗೆದೆ ಎಂದರೆ, ಮಣಿಪಾಲದ ಮಗಳ ಮನೆಯಲ್ಲಿ ಇವತ್ತು ಬೆಳಿಗ್ಗೆಯಿಂದ ಹುರುಳಿ ಬೇಯುತ್ತಿದೆ. ಅಳಿಯನ ಕಿಡ್ನಿಯಲ್ಲಿ ಕಲ್ಲು. ಹುರುಳಿ ಬೇಯಿಸಿದ ನೀರು ಕುಡಿದರೆ ಕಲ್ಲು ಹೋಗುತ್ತದೆ ಎಂದು ಯಾರೋ ಅವನಿಗೆ ಹೇಳಿದ್ದಾರೆ. ಹೋಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ಮೂರನೇ ಮಹಡಿಯ ಆ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದ ಕೂಡಲೇ ನನ್ನ ಕಾಲು ತಾನಾಗಿ ಬಾಗಿಲ ಕಡೆಗೆ ಹೊರಟಿತು. ಹುರುಳಿ ಬೆಂದ ವಾಸನೆ ಬಂದರೆ ಬಕೆಟ್ ಹಿಡಿದು ಕೋಣಗಳ ಹಟ್ಟಿಗೆ ಹೋಗಬೇಕು ಎಂಬುದು ಈ ದೇಹಕ್ಕೆ ಅಭ್ಯಾಸ. ಬಾಗಿಲು ತೆರೆದರೆ ಎದುರಿಗೆ ಲಿಫ್ಟು. ಒಳಗೆ ಅಳಿಯ ಲೋಟ ಹಿಡಿದು ಮುಖ ಕಿವುಚಿಕೊಂಡು ಕೂತಿದ್ದ. "ನಮ್ಮ ಕೋಣಗಳು ಇದನ್ನು ಕುಡಿದು ಬಕೆಟನ್ನೂ ನೆಕ್ಕುತ್ತಿದ್ದವು" ಎಂದೆ. ಧೈರ್ಯ ಹೇಳಲಿಕ್ಕೆಂದೇ ಹೇಳಿದ್ದು. ಮಗಳು "ಅಮ್ಮ, ಸಾಕು" ಎಂದಳು.

ನಮ್ಮ ಮನೆ ಇದ್ದದ್ದು ಕಾಪುವಿನಿಂದ ಒಳಗೆ, ಉಚ್ಚಿಲದ ಕಡೆಗಿನ ಗದ್ದೆ ಬಯಲಿನಲ್ಲಿ. ಗಂಡ ತೀರಿಕೊಂಡ ಮೇಲೆ ನಾನು ತಮ್ಮ ಶೀನನ ಜೊತೆ ತವರುಮನೆಯಲ್ಲೇ ಇದ್ದೆ. ಬಯಲಿನ ಆಚೆ ಬದಿಯಲ್ಲಿ ನನ್ನ ಗಂಡನ ಅಣ್ಣ ಐತಪ್ಪ ಭಾವನ ಮನೆ. ನಾವೆಲ್ಲ ಮಾತಾಡುವುದು ತುಳು. ನಾನು ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಅಲ್ಲಿ ಕಲಿಸಿದ ಕನ್ನಡದಲ್ಲಿ ಬೈಗುಳ ಇರಲಿಲ್ಲ. ಹಾಗಾಗಿ ಶೀನನ ಮಾತು ಇಲ್ಲಿ ಇದ್ದದ್ದಕ್ಕಿಂತ ಸೌಮ್ಯವಾಗಿ ಕೇಳಿಸಿದರೆ ಅದು ಅವನ ಗುಣ ಎಂದು ತಿಳಿಯಬೇಡಿ.

ಮನೆಗೆ ಫೋನ್ ಬಂದ ವರ್ಷವೇ ಊರಿಗೆ ಗದ್ದೆ ಉಳುವ ಟಿಲ್ಲರೂ ಬಂತು. ಫೋನಿನಿಂದ ಯಾರಿಗೂ ತೊಂದರೆಯಾಗಲಿಲ್ಲ. ಟಿಲ್ಲರಿನಿಂದ ಕೋಣಗಳ ಕೆಲಸ ಹೋಯಿತು. ಎಮ್ಮೆಯಾದರೆ ಹಾಲು ಕೊಡುತ್ತದೆ. ಉಳದ ಕೋಣ ಎಂತ ಕೊಡುತ್ತದೆ? ತಿಂದು, ಸೆಗಣಿ ಹಾಕಿ, ಸಂಜೆಯವರೆಗೆ ನಿಮ್ಮ ಮುಖ ನೋಡುತ್ತದೆ. ಬಯಲಿನ ಮನೆಗಳಿಂದ ಒಂದೊಂದೇ ಕೋಣ ವ್ಯಾಪಾರಿಯ ಟೆಂಪೋ ಹತ್ತಿ ಹೋಯಿತು. ಹೋದವುಗಳ ಸುದ್ದಿಯನ್ನು ಯಾರೂ ಕೇಳಲಿಲ್ಲ. ಕೇಳಿ ತಿಳಿಯುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ನಮ್ಮ ಹಟ್ಟಿಯಲ್ಲಿ ಎರಡು ಎಳೆಯ ಕೋಣಗಳು ಉಳಿದಿದ್ದವು, ಬೊಲ್ಲ ಮತ್ತು ಕುಟ್ಟಿ. ಬೊಲ್ಲ ಹುಟ್ಟುವಾಗ ಹೊಟ್ಟೆಯಲ್ಲಿ ಅಡ್ಡ ಸಿಕ್ಕಿಕೊಂಡಿದ್ದ. ಮುಂಗಾಲು ಹಿಡಿದು ಎಳೆದು ತೆಗೆದವಳು ನಾನೇ. ಹಾಗೆಂದು ಅವನ ಮೇಲೆ ನನಗೆ ವಿಶೇಷ ಪ್ರೀತಿ ಎಂದೇನೂ ಅಲ್ಲ. ಹಟ್ಟಿಯಲ್ಲಿ ಹುಟ್ಟುವವರಿಗೆ ಯಾರಾದರೂ ಅಷ್ಟು ಮಾಡಲೇಬೇಕು. ಆದರೆ ಅವನು ಯೋಚನೆ ಮಾಡುವ ಕೋಣ. ಒಂದು ಮಾತು ಹೇಳಿದರೆ ಕಿವಿ ತಿರುಗಿಸಿ, ಸ್ವಲ್ಪ ನಿಂತು, ಆಮೇಲೆ ಮಾಡುತ್ತಿದ್ದ. ಒಮ್ಮೆ ಕಲಿತರೆ ಮರೆಯುತ್ತಿರಲಿಲ್ಲ. ಕುಟ್ಟಿಗೆ ಯೋಚನೆಯ ಕಷ್ಟ ಇರಲಿಲ್ಲ. ಬೊಲ್ಲ ಮಾಡಿದ್ದನ್ನು ಅವನೂ ಮಾಡುತ್ತಿದ್ದ. ಇಂಥ ಜೋಡಿ ಮನುಷ್ಯರಲ್ಲಿಯೂ ಉಂಟು, ಸಂಸಾರ ಚೆನ್ನಾಗಿ ನಡೆಯುತ್ತದೆ.

"ಇವರನ್ನು ಕಂಬಳಕ್ಕೆ ತಯಾರು ಮಾಡುವ ಅಕ್ಕ" ಎಂದು ಶೀನ ಒಂದು ದಿನ ಹೇಳಿದ. "ಓಡಿದರೆ ಇಟ್ಟುಕೊಳ್ಳುವ. ಓಡದಿದ್ದರೆ ವ್ಯಾಪಾರಿಗೆ. ಎರಡು ಹೊಟ್ಟೆ ಸುಮ್ಮನೆ ತುಂಬಿಸಲಿಕ್ಕೆ ನಮ್ಮಿಂದ ಆಗುವುದಿಲ್ಲ."

"ಸರಿ" ಎಂದೆ. ಅವನು ನಾನು ಅಳುತ್ತೇನೆ ಎಂದು ಕಾದಿದ್ದ ಹಾಗೆ ಕಾಣುತ್ತದೆ. ಹುಲ್ಲು ಕೊಯ್ಯುವವಳು ನಾನು, ಹುರುಳಿ ಬೇಯಿಸುವವಳು ನಾನು. ಆ ಲೆಕ್ಕ ಅವನಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು.

ಕಂಬಳ ನೋಡದವರಿಗಾಗಿ ಒಂದು ಮಾತು. ಕೆಸರು ನೀರು ತುಂಬಿದ ಉದ್ದನೆಯ ಓಟದ ದಾರಿಗೆ ಕರೆ ಎನ್ನುತ್ತಾರೆ. ಅಂಥ ಎರಡು ಕರೆ ಪಕ್ಕಪಕ್ಕದಲ್ಲಿ ಇರುತ್ತವೆ. ಒಂದೊಂದರಲ್ಲಿ ಒಂದು ಜೋಡಿ ಕೋಣ, ಹಿಂದಿನಿಂದ ಓಡಿಸುವವನು ಒಬ್ಬ. ಓಟ ಮುಗಿಯುವ ಕಡೆ ಇರುವ ಏರಿಗೆ ಮಂಜೊಟ್ಟಿ. ಅದನ್ನು ಮೊದಲು ಹತ್ತಿದ ಜೋಡಿ ಗೆದ್ದ ಹಾಗೆ. ಎಳೆಯ ಕೋಣಗಳಿಗೆ ಬೇರೆಯೇ ವಿಭಾಗ ಉಂಟು. ನಮ್ಮವರನ್ನು ಓಡಿಸಲಿಕ್ಕೆ ಸುಧಾಕರ ಒಪ್ಪಿದ. ಅವನು ಕಾಪು ಪೇಟೆಯಲ್ಲಿ ರಿಕ್ಷಾ ಓಡಿಸುವ ಹುಡುಗ. ಬಾಡಿಗೆ ಕಡಿಮೆ ಕೊಟ್ಟು ಹೋದವರನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತಾನೆ ಎಂದು ಹೆಸರು ಪಡೆದಿದ್ದ. ಓಟಗಾರನಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಎಂತ ಬೇಕು?

ಆದರೆ ಒಂಟಿಯಾಗಿ ಓಡಿ ಅಭ್ಯಾಸವಾದ ಕೋಣ, ಪಕ್ಕದಲ್ಲಿ ಇನ್ನೊಂದು ಜೋಡಿ ಬಂದರೆ ಗಾಬರಿಯಾಗುತ್ತದೆ. ಅಭ್ಯಾಸಕ್ಕೂ ಜೊತೆ ಬೇಕು. ಬಯಲಿನಲ್ಲಿ ಬೇಸಗೆಯವರೆಗೆ ನೀರು ನಿಲ್ಲುವ ಗದ್ದೆ ಇದ್ದದ್ದು ಐತಪ್ಪ ಭಾವನಿಗೆ ಮಾತ್ರ. ಇನ್ನೂ ಕೋಣ ಉಳಿಸಿಕೊಂಡವರೂ ಅವರೊಬ್ಬರೇ. ಅವು ಒಂದು ಕಾಲದಲ್ಲಿ ಹೆಸರು ಮಾಡಿದ ಕೋಣಗಳು. ಈಗ ಮಂಡಿ ಊದಿಕೊಂಡಿದ್ದವು. ಆದರೂ ಭಾವ ಅವುಗಳ ಮೈಗೆ ಎಣ್ಣೆ ತಿಕ್ಕುವುದನ್ನು ಬಿಟ್ಟಿರಲಿಲ್ಲ. ಶೀನ ಹೋಗಿ ಕೇಳಿದ್ದಕ್ಕೆ ತಕ್ಷಣ ಒಪ್ಪಿದರು. "ನಮ್ಮವು ಮುದಿಯಾಗಿರಬಹುದು ಮಾರಾಯ, ಓಟ ಮರೆತಿಲ್ಲ. ನಿನ್ನ ಹುಡುಗರಿಗೆ ಸ್ವಲ್ಪ ಕಲಿಸುತ್ತವೆ" ಎಂದರು.

ಮೊದಲ ದಿನ ಬೊಲ್ಲ ಮತ್ತು ಕುಟ್ಟಿ ಗದ್ದೆಯ ಆ ತುದಿ ಮುಟ್ಟಿ, ಹುಣಿಯ, ಎಂದರೆ ಗದ್ದೆಯ ಬದುವಿನ, ಮೇಲಿನ ಹುಲ್ಲಿಗೆ ಬಾಯಿ ಹಾಕಿದರೂ ಭಾವನ ಜೋಡಿ ಬಂದಿರಲಿಲ್ಲ. ಭಾವ ಓಟ ಹೊರಡುವ ಕಡೆಯ ಹುಣಿಯ ಮೇಲೆ ಕೊಡೆ ಊರಿ ನಿಂತಿದ್ದರು. ಎಲೆ ಅಡಿಕೆ ಮುಂದೆ ಮಾಡಿದರೆ ಅದನ್ನೂ ಮುಟ್ಟದೆ ಮನೆಗೆ ಹೋದರು.

ಶೀನನಿಗೆ ಅದು ಭಾರೀ ಮನಸ್ಸಿಗೆ ಹತ್ತಿತು. "ಛೆ, ಹೀಗೆ ಆಗಬಾರದಿತ್ತು ಅಕ್ಕ. ಅವರದ್ದೇ ಗದ್ದೆ. ಅವರದ್ದೇ ಉಪಕಾರ. ಅವರ ಎದುರಿಗೇ ಅವರ ಕೋಣವನ್ನು ಹಿಂದೆ ಹಾಕುವುದಾ?" ಎಂದ.

ನೀವು ನಗಬಹುದು. ಆದರೆ ನಮ್ಮಲ್ಲಿ ಹಿರಿಯರ ಜೊತೆ ಊಟಕ್ಕೆ ಕೂತರೆ, ಅವರ ಊಟ ಮುಗಿಯುವ ಮೊದಲು ನಾವು ಎಲೆಯಿಂದ ಏಳುವ ಕ್ರಮ ಇಲ್ಲ. ನಿಮ್ಮದು ಮುಗಿದಿದ್ದರೂ ಸಾರಿನಲ್ಲಿ ಬೆರಳಾಡಿಸುತ್ತಾ ಕೂತಿರಬೇಕು. ಅದೇ ಕ್ರಮವನ್ನು ಶೀನ ಗದ್ದೆಗೂ ತಂದ. ಮರುದಿನದಿಂದ ಅವನು ತುದಿಗಿಂತ ಸ್ವಲ್ಪ ಈಚೆ ಹುಣಿಯಲ್ಲಿ ನಿಂತು, ಬೊಲ್ಲ ಹತ್ತಿರ ಬರುವಾಗ ಹೆಗಲ ಮೇಲಿನ ಬೈರಾಸನ್ನು ಅಡ್ಡ ಹಿಡಿಯುತ್ತಿದ್ದ. ಹಿಂದಿನಿಂದ ಸುಧಾಕರ ಹಗ್ಗ ಎಳೆಯುತ್ತಿದ್ದ. ಬೊಲ್ಲ ನಿಲ್ಲುತ್ತಿದ್ದ. ಭಾವನ ಜೋಡಿ ಏದುಸಿರು ಬಿಡುತ್ತಾ ಬಂದು ಸಮ ಆದ ಮೇಲೆ ನಾಲ್ಕೂ ಒಟ್ಟಿಗೆ ಹುಣಿ ಹತ್ತುವುದು. ಅಲ್ಲಿ ನಾನು ಹುರುಳಿಯ ಬಕೆಟ್ ಇಟ್ಟುಕೊಂಡು ನಿಂತಿರುತ್ತಿದ್ದೆ. ನಾಲ್ವರಿಗೂ ಪಾಲು. ಭಾವನ ಕಣ್ಣಿಗೆ ಅಷ್ಟು ದೂರದಿಂದ ಬೊಲ್ಲ ನಿಂತದ್ದು ಕಾಣುತ್ತಿರಲಿಲ್ಲ, ಹುಣಿ ಹತ್ತುವುದು ಮಾತ್ರ ಕಾಣುತ್ತಿತ್ತು. "ನೋಡಿದೆಯಾ ಶೀನ, ಸಮಸಮ" ಎನ್ನುತ್ತಿದ್ದರು. "ಹೌದು ಭಾವ, ಸಮಸಮ" ಎನ್ನುತ್ತಿದ್ದ ಇವನು. ಆಮೇಲೆ ಎಲೆ ಅಡಿಕೆ.

ಕೆಲವು ವಾರ ಕಳೆಯುವಾಗ ಬೈರಾಸು ಬೇಡವಾಯಿತು. ಆ ಜಾಗಕ್ಕೆ ಬಂದರೆ ಬೊಲ್ಲ ತಾನೇ ನಿಂತು, ಕುತ್ತಿಗೆ ತಿರುಗಿಸಿ ಹಿಂದೆ ನೋಡುತ್ತಿದ್ದ. ಅವನು ನಿಂತ ಎಂದು ಕುಟ್ಟಿಯೂ ನಿಲ್ಲುತ್ತಿದ್ದ. ಶೀನನಿಗೆ ಹಿಗ್ಗು. "ಎಷ್ಟು ಬುದ್ಧಿ ನೋಡಿ ಅಕ್ಕ." "ನಿನಗಿಂತ ಹೆಚ್ಚು" ಎಂದೆ ನಾನು. ಆಗ ಅದು ತಮಾಷೆ.

ಮೊದಲ ಕಂಬಳ ಕಾರ್ಕಳದ ಹತ್ತಿರ. ನಾನೂ ಬರುತ್ತೇನೆ ಎಂದದ್ದಕ್ಕೆ ಶೀನ, "ಹೆಂಗಸರಿಗೆ ಅಲ್ಲಿ ಎಂತ ಕೆಲಸ?" ಎಂದ. "ನೀನೂ ಓಡುವುದಿಲ್ಲ, ನಾನೂ ಓಡುವುದಿಲ್ಲ. ಇಬ್ಬರಿಗೂ ನೋಡುವ ಕೆಲಸ" ಎಂದೆ. ಲಾರಿಯನ್ನು ಹಿಂದೆ ತಂದು ಮಣ್ಣಿನ ದರೆಗೆ ತಾಗಿಸಿ, ಒಳಗೆ ಹುಲ್ಲು ಹಾಸಿದ್ದರು. ಕುಟ್ಟಿ ಹತ್ತಲು ತಯಾರಿದ್ದ, ಆದರೆ ಬೊಲ್ಲ ಹತ್ತದೆ ಹೇಗೆ ಹತ್ತುವುದು? ಬೊಲ್ಲ ಲಾರಿಯ ಹಲಗೆಯನ್ನು ಮೂಸಿ, ಚಕ್ರ ಮೂಸಿ, ಡ್ರೈವರನ ಪ್ಯಾಂಟು ಮೂಸಿ ಅಲ್ಲೇ ನಿಂತ. ನಾಲ್ಕು ಜನ ಹಿಂದಿನಿಂದ ನೂಕಿದರು. ಕೊನೆಗೆ ನಾನೇ ಸೀರೆ ಸೊಂಟಕ್ಕೆ ಸಿಕ್ಕಿಸಿ ಮೊದಲು ಹತ್ತಿದೆ. ನಾನು ಬೀಳಲಿಲ್ಲ ಎಂಬುದನ್ನು ನೋಡಿ ಖಾತ್ರಿ ಮಾಡಿಕೊಂಡು ಅವನೂ ಹತ್ತಿದ. ನಾನು ಮುಂದಿನ ಸೀಟಿಗೆ ಬಂದು ಕೂತ ಮೇಲೆ, ಬೆಳ್ಮಣ್ ದಾಟುವವರೆಗೆ ಹಿಂದಿನಿಂದ ಅವನ ಉಸಿರು ಕೇಳುತ್ತಿತ್ತು. ಆಮೇಲೆ ಗಾಳಿಗೆ ಮೂಗೊಡ್ಡಿ ನಿಂತಿದ್ದನಂತೆ. ಅವುಗಳ ಜೊತೆ ಹಿಂದೆ ನಿಂತಿದ್ದ ಸುಧಾಕರ ಹೇಳಿದ್ದು.

ಅಲ್ಲಿ ಇಳಿದರೆ ಜನವೋ ಜನ. ಮೈಕು, ಬ್ಯಾಂಡು, ಕಬ್ಬಿನ ಹಾಲಿನ ಯಂತ್ರ. ದೊಡ್ಡ ದೊಡ್ಡ ಮನೆಗಳ ಕೋಣಗಳು ಹಣೆಗೆ ಹಿತ್ತಾಳೆ ಕಟ್ಟಿಕೊಂಡು ಮದುಮಕ್ಕಳ ಹಾಗೆ ನಿಂತಿದ್ದವು. ನಮ್ಮವಕ್ಕೆ ನಾನು ಹೊಸ ಹಗ್ಗ ಒಂದೇ ಹಾಕಿಸಿದ್ದು. ಬೊಲ್ಲನ ಕಾಲು ನಡುಗುತ್ತಿತ್ತು. ಕೈ ಇಟ್ಟು ನೋಡಿದೆ. ಹೆದರಿಕೆ ಇತ್ತು, ಇಲ್ಲ ಎನ್ನುವುದಿಲ್ಲ. ಆದರೆ ಕಿವಿ ನನ್ನ ಕಡೆಗೇ ಇತ್ತು. ಕಿವಿ ಮಾತು ಕೇಳುವಷ್ಟು ಹೊತ್ತು ಕೋಣ ಕೆಟ್ಟಿಲ್ಲ ಎಂದು ಲೆಕ್ಕ.

ಮಧ್ಯಾಹ್ನದ ಬಿಸಿಲಿಗೆ ನಮ್ಮ ಸರದಿ ಬಂತು. ಪಕ್ಕದ ಕರೆಯಲ್ಲಿ ಪೆರ್ಡೂರು ಕಡೆಯ ಒಂದು ಜೋಡಿ. ಬಿಟ್ಟ ಕೂಡಲೇ ಬೊಲ್ಲ ಓಡಿದ ನೋಡಿ. ಅವನು ಹಾಗೆ ಓಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಎರಡು ಬದಿಗೂ ನೀರು ಗೋಡೆಯ ಹಾಗೆ ಎದ್ದಿತ್ತು. ಸುಧಾಕರನ ತಲೆ ಮಾತ್ರ ಆಗಾಗ ಕಾಣುತ್ತಿತ್ತು. ಅರ್ಧ ದಾರಿಯಲ್ಲಿ ಪೆರ್ಡೂರಿನವರು ಹಿಂದೆ ಬಿದ್ದಾಗಿತ್ತು. ಜನ ಎದ್ದು ನಿಂತರು. ಶೀನ ನನ್ನ ತೋಳನ್ನು ಎಷ್ಟು ಗಟ್ಟಿ ಹಿಡಿದಿದ್ದನೆಂದರೆ ಆಮೇಲೆ ಅಲ್ಲಿ ನೀಲಿಗಟ್ಟಿತು.

ಮಂಜೊಟ್ಟಿಗೆ ಇನ್ನು ಸ್ವಲ್ಪವೇ ದೂರ. ಬೊಲ್ಲ ನಿಂತ.

ಎಡವಿ ಅಲ್ಲ, ಬಿದ್ದು ಅಲ್ಲ. ನಾಲ್ಕು ಕಾಲು ಊರಿ ನೆಟ್ಟಗೆ ನಿಂತ. ಕುಟ್ಟಿ ನಿಂತ. ಸುಧಾಕರ ನಿಲ್ಲಲಿಲ್ಲ, ಇಲ್ಲಿಯೂ ನಿಲ್ಲಬೇಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನು ಎರಡು ಕೋಣಗಳ ನಡುವೆ ಮುಖ ಕೆಳಗಾಗಿ ಹೋಗಿ ಕೆಸರಲ್ಲಿ ಬಿದ್ದ. ಬೊಲ್ಲ ಕುತ್ತಿಗೆ ತಿರುಗಿಸಿ ಪಕ್ಕದ ಕರೆ ನೋಡಿದ. ಪೆರ್ಡೂರಿನ ಜೋಡಿ ಹತ್ತಿರ ಬಂತು, ಸಮ ಆಯಿತು, ದಾಟಿ ಹೋಯಿತು. ಅವು ದಾಟಿದ ಮೇಲೆ ಬೊಲ್ಲ ನಿಧಾನಕ್ಕೆ ನಡೆದುಕೊಂಡು ಮಂಜೊಟ್ಟಿ ಹತ್ತಿ, ಅಲ್ಲಿ ನಿಂತಿದ್ದವರ ಕೈಯನ್ನೆಲ್ಲ ಮೂಸಿ ಹುರುಳಿ ಹುಡುಕಿದ.

ಮೈಕಿನವನು ಸುಮ್ಮನಿರುತ್ತಾನಾ? "ಕಾಪು ಕಡೆಯ ಕೋಣಗಳು ಎದುರಾಳಿಗೆ ದಾರಿ ಬಿಟ್ಟು ಕೊಟ್ಟಿವೆ. ಭಾರೀ ಮರ್ಯಾದೆ ಕಲಿತ ಕೋಣಗಳು. ಇಂಥ ಮರ್ಯಾದೆಯನ್ನು ಈಗ ಮನುಷ್ಯರಲ್ಲಿ ಕಾಣುವುದು ಕಷ್ಟ" ಎಂದ. ಜನ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಅವನು ತಮಾಷೆಗೆ ಹೇಳಿದ, ಆದರೆ ಇದ್ದ ಹಾಗೇ ಹೇಳಿದ್ದ.

ವಾಪಸು ಬರುವಾಗ ಲಾರಿಯ ಮುಂದಿನ ಸೀಟಿನಲ್ಲಿ ನಾವೆಲ್ಲ ಒತ್ತಿಕೊಂಡು ಕೂತಿದ್ದೆವು. ಇದು ಮಾಟವೇ ಎಂದು ಶೀನ ಹೇಳಿದ. ಮೈಕಿನ ಶಬ್ದಕ್ಕೆ ಬೆಚ್ಚಿದ್ದು ಎಂದು ಸುಧಾಕರ, ಕಿವಿಯೊಳಗಿನ ಕೆಸರು ತೆಗೆಯುತ್ತಾ. ಹೊಸ ಹಗ್ಗಕ್ಕೆ ದೃಷ್ಟಿಯಾಗಿದೆ ಎಂದು ಡ್ರೈವರ್. ಅವನ ಮಾತು ಕೇಳಿ ಇನ್ನಿಬ್ಬರೂ ಸ್ವಲ್ಪ ಹೊತ್ತು ಹಗ್ಗದ ಬಗ್ಗೆಯೇ ಮಾತಾಡಿದರು. ನಾನು ಬಾಯಿ ಬಿಡದೆ ಕೂತದ್ದನ್ನು ನೋಡಿ ಶೀನನಿಗೆ ಹೆದರಿಕೆಯಾಯಿತು.

"ಎಂತ ಅಕ್ಕ, ಮಾತಿಲ್ಲ? ಹುಷಾರಿಲ್ವಾ?"

"ಭಾವನ ಗದ್ದೆಯಲ್ಲಿ ಅವನು ಎಲ್ಲಿ ನಿಲ್ಲುತ್ತಿದ್ದ?" ಎಂದು ಕೇಳಿದೆ.

ಸುಧಾಕರ ಕಿವಿಯಿಂದ ಬೆರಳು ತೆಗೆದ.

ಮನೆಗೆ ತಲುಪುವಾಗ ಭಾವ ಅಂಗಳದಲ್ಲಿ ಕಾಯುತ್ತಿದ್ದರು. ಸುದ್ದಿ ಫೋನಿನಲ್ಲಿ ನಮಗಿಂತ ಮೊದಲೇ ಬಂದಿತ್ತು. ಅವರಿಗೆ ನಿಜವಾಗಿಯೂ ಬೇಸರವಾಗಿತ್ತು, ಅದನ್ನು ಹೇಳಬೇಕು. ಬೊಲ್ಲನ ಬೆನ್ನು ನೇವರಿಸಿ, ಶೀನನ ಪಕ್ಕದಲ್ಲಿ ಕೂತು ಹೇಳಿದರು: "ನನಗೆ ಮೊದಲೇ ಸಂಶಯ ಇತ್ತು ಮಾರಾಯ, ನಿನಗೆ ನೋವಾಗುತ್ತದೆ ಎಂದು ಹೇಳಲಿಲ್ಲ. ನನ್ನ ಮುದಿ ಕೋಣಗಳು ದಿನಾ ಇವನಿಗೆ ಸಮ ಓಡುತ್ತಿದ್ದವು. ಅಂದಮೇಲೆ ಇವನಲ್ಲಿ ಎಂತ ಉಂಟು? ದಮ್ಮಿಲ್ಲ. ಕೊನೆಗೆ ಬರುವಾಗ ನಿಂತುಬಿಡುತ್ತಾನೆ. ಇದನ್ನು ಇಟ್ಟುಕೊಂಡು ಒದ್ದಾಡಬೇಡ. ನಾಳೆ ಬೆಳಿಗ್ಗೆ ನಾನೇ ವ್ಯಾಪಾರಿಗೆ ಫೋನ್ ಮಾಡುತ್ತೇನೆ."

ನಾನು ಶೀನನ ಮುಖ ನೋಡಿದೆ. ಅವನು ನೆಲ ನೋಡಿದ. "ಆಯಿತು ಭಾವ" ಎಂದ.

ಭಾವ ಹೋದ ಮೇಲೆ ಹಟ್ಟಿಯಲ್ಲಿ ಅವನನ್ನು ಹಿಡಿದೆ. "ಇದ್ದದ್ದನ್ನು ಹೇಳು ಅವರಿಗೆ."

"ಹೇಗೆ ಹೇಳುವುದು ಅಕ್ಕ? ಇಷ್ಟು ದಿನ ನಿಮ್ಮ ಕಣ್ಣಿಗೆ ಮಣ್ಣು ಹಾಕಿದೆವು ಎಂದಾ? ಆ ಮನುಷ್ಯ ದಿನಾ ಹುಣಿಯ ಮೇಲೆ ನಿಂತು ಎಷ್ಟು ಖುಷಿ ಪಡುತ್ತಿದ್ದರು, ನೀವೂ ನೋಡಿದ್ದೀರಿ. ಆ ಮುದಿ ಜೋಡಿ ಓಡುತ್ತದೆ ಎಂಬ ಒಂದೇ ಕಾರಣಕ್ಕೆ ಅವರು ಅದನ್ನು ಇಟ್ಟುಕೊಂಡದ್ದು. ನಾನು ಹೇಳಿದರೆ ಅವರು ನಾಳೆ ಅದನ್ನೂ ಕಳಿಸಿಬಿಟ್ಟಾರು."

"ಹಾಗಾದರೆ ಬೊಲ್ಲ?"

ಅವನು ಬೊಲ್ಲನ ಕಾಲಿಗೆ ಅಂಟಿದ ಒಣ ಕೆಸರನ್ನು ಉಗುರಿನಿಂದ ಕೆರೆಯುತ್ತಾ ಕೂತ. ನನ್ನ ತಮ್ಮ ಕೆಟ್ಟವನಲ್ಲ. ಒಬ್ಬ ಹಿರಿಯರ ಮುಖ ಸಣ್ಣದಾಗುವುದನ್ನು ನೋಡುವುದಕ್ಕಿಂತ ಒಂದು ಕೋಣವನ್ನು ಕಳೆದುಕೊಳ್ಳುವುದು ಸುಲಭ ಎಂದು ಅವನಿಗೆ ಕಂಡಿತು. ನಮ್ಮ ಕಡೆಯ ಹೆಚ್ಚಿನವರಿಗೆ ಹಾಗೇ ಕಾಣುತ್ತದೆ. ನನಗೂ ಆ ಸಂಜೆ ಎರಡೂ ಕಡೆ ಕಂಡಿತು. ಕೋಣಕ್ಕೆ ಬಾಯಿ ಇಲ್ಲ. ನನಗೆ ಇದೆ, ಅದೂ ಬೇಕಾದದ್ದಕ್ಕಿಂತ ಹೆಚ್ಚು ಎಂದು ಊರಿಗೆಲ್ಲ ಗೊತ್ತು.

ಮರುದಿನ ಬೆಳಿಗ್ಗೆ ಹಾಲು ಕರೆದು ಕೈ ತೊಳೆದವಳು ನೇರ ಬಯಲು ದಾಟಿ ಭಾವನ ಮನೆಗೆ ಹೋದೆ. ಅವರು ಜಗಲಿಯಲ್ಲಿ ಗಂಜಿ ಉಣ್ಣುತ್ತಿದ್ದರು. ಗಂಡನ ಅಣ್ಣನ ಎದುರು ನಾನು ಅದುವರೆಗೆ ಕಂಬದ ಮರೆಯಲ್ಲಿ ನಿಂತು, ಬೇಕಾದಷ್ಟೇ ಮಾತಾಡಿದವಳು. ಆ ದಿನವೂ ನಿಂತೇ ಮಾತಾಡಿದೆ, ಕಂಬದ ಈಚೆ.

"ಭಾವ, ವ್ಯಾಪಾರಿಗೆ ಫೋನ್ ಮಾಡಬೇಡಿ. ನಿಮ್ಮ ಕೋಣಗಳು ಒಂದು ದಿನವೂ ಬೊಲ್ಲನಿಗೆ ಸಮ ಓಡಿಲ್ಲ. ಶೀನ ಅವನನ್ನು ನಿಲ್ಲಿಸುತ್ತಿದ್ದ. ನಿಮ್ಮ ಗದ್ದೆ, ನೀವು ಹಿರಿಯರು ಎಂದು. ಅವನು ನಿಂತು ಕಾಯಲಿಕ್ಕೆ ಕಲಿತ. ನಿನ್ನೆ ಮಾಡಿದ್ದೂ ಅದನ್ನೇ."

ಅವರ ಕೈ ಬಟ್ಟಲಿನಲ್ಲೇ ಉಳಿಯಿತು. ಉಪ್ಪಿನಕಾಯಿಯ ಮೇಲೆ ನೊಣ ಕೂತದ್ದನ್ನೂ ಅವರು ಓಡಿಸಲಿಲ್ಲ. ಆಮೇಲೆ ಕೇಳಿದರು.

"ದಿನಾ?"

"ದಿನಾ."

"ಎಷ್ಟು ಹಿಂದೆ ಬೀಳುತ್ತಿದ್ದವು?"

"ಒಂದು ತೆಂಗಿನ ಮರದ ಉದ್ದ."

"ಅಷ್ಟು ಇರಲಿಕ್ಕಿಲ್ಲ" ಎಂದರು. "ಅರ್ಧ ಮರ ಇರಬಹುದು."

ಅರ್ಧ ಎನ್ನಲಿಕ್ಕೆ ನನಗೆ ಏನೂ ಖರ್ಚಿರಲಿಲ್ಲ. ಮುದುಕರ ಕಣ್ಣು ನೋಡಿದರೆ ಹಾಗೆ ಹೇಳಬೇಕು ಎಂದು ನನಗೂ ಆಯಿತು. ಆದರೆ ಅದೇ ಅರ್ಧದಿಂದ ತಾನೇ ಇಷ್ಟೆಲ್ಲ ಆದದ್ದು.

"ಒಂದು ಮರ" ಎಂದೆ.

ಅವರು ಗಂಜಿ ಮುಗಿಸಿದರು. ನಾನು ನಿಂತೇ ಇದ್ದೆ. ಕೈ ತೊಳೆದು, ಬಾಯಿ ಒರೆಸಿ, ನನ್ನ ಮುಖ ನೋಡದೆ ಹಟ್ಟಿಗೆ ಹೋಗಿ ಮುದಿ ಜೋಡಿಯನ್ನು ಬಿಚ್ಚಿದರು. "ಶೀನನಿಗೆ ಬರಲಿಕ್ಕೆ ಹೇಳು. ಒಂದೇ ಓಟ ಸಾಕು, ನಿಮ್ಮವು ನಿನ್ನೆ ಓಡಿ ದಣಿದಿದ್ದಾವೆ. ಇವತ್ತು ಯಾರೂ ಯಾರನ್ನೂ ಹಿಡಿಯುವುದು ಬೇಡ" ಎಂದರು.

ಶೀನ ಬಂದ. ಭಾವನ ಮುಖ ನೋಡಲಾರದೆ ಕೋಣಗಳ ಹಿಂದೆಯೇ ಓಡಾಡಿದ. ನೊಗ ಕಟ್ಟಿ ಬಿಟ್ಟರು. ಬೊಲ್ಲ ಮತ್ತು ಕುಟ್ಟಿ ಮುಂದೆ ಬಂದವು. ಭಾವನ ಜೋಡಿ ಹಿಂದೆ, ಇನ್ನೂ ಹಿಂದೆ. ಭಾವ ಈ ಸಲ ದೂರದಲ್ಲಿ ನಿಲ್ಲದೆ ತುದಿಗೇ ಬಂದು ಹುಣಿಯ ಮೇಲೆ ನನ್ನ ಪಕ್ಕದಲ್ಲಿ ನಿಂತಿದ್ದರು. ಅವರಿಗೆ ಎಲ್ಲ ಕಾಣುತ್ತಿತ್ತು. ಆ ಜಾಗ ಬಂದದ್ದೇ ಬೊಲ್ಲ ನಿಂತು ಹಿಂದೆ ನೋಡಿದ.

"ಹೋಗು ಮಾರಾಯ" ಎಂದರು ಭಾವ. "ಅವರನ್ನು ಕಾಯಬೇಡ. ಹೋಗು."

ಅವನು ಕಿವಿ ತಿರುಗಿಸಿದ, ಕದಲಲಿಲ್ಲ. ನಾನು ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದೆ. ಮೊಣಕಾಲಿನವರೆಗೆ ತಣ್ಣಗಾಯಿತು. ಅವನ ಹಿಂದೆ ಹೋಗಿ, ತೊಡೆಯ ಮೇಲೆ ಅಂಗೈಯಿಂದ ಬಲವಾಗಿ ಒಂದು ಬಾರಿಸಿದೆ. ಅವನು ನನ್ನನ್ನು ನೋಡಿದ, ಹಿಂದೆ ಇನ್ನೂ ಬರುತ್ತಲೇ ಇದ್ದ ಮುದಿ ಕೋಣಗಳನ್ನು ನೋಡಿದ. ಸ್ವಲ್ಪ ಯೋಚಿಸಿದ. ನಾನು ಇನ್ನೊಂದು ಬಾರಿಸಿದೆ.